ಬಿಟ್ಟ ಮೆಟ್ಟಿಲಿನಿಂದ

ಮಗು ಒಂದು ವಾರದಲ್ಲಿ ಏನು ಕಲಿಯಿತೆಂದು ತಿಳಿಯಬೇಕಾದರೆ ನಾವು ಅದರ ನೋಟುಪುಸ್ತಕವನ್ನು ತಿರುವಿ ನೋಡುತ್ತೇವೆ. ಒಂದನೆಯ ತರಗತಿಯ ಮಟ್ಟಿಗೆ ಈ ಅಳತೆ ಸಾಲದು. ಸಿಂದಗಿ ತಾಲ್ಲೂಕಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಶಿಕ್ಷಕಿಯಾಗಿದ್ದಾಗ, 2018ರ ದಸರಾ ರಜೆಯ ನಂತರದ ವಾರವೊಂದು ನನಗೆ ಇದನ್ನು ಮನಗಾಣಿಸಿತು.

ನಮ್ಮದು ನಲಿ-ಕಲಿ ತರಗತಿ. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳ ಕ್ರಮದಿಂದ ಪ್ರೇರಣೆ ಪಡೆದು, ಯುನಿಸೆಫ್ ನೆರವಿನಿಂದ ಆರಂಭಿಸಿದ ಈ ಪದ್ಧತಿ 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ 1 ಮತ್ತು 2ನೆಯ ತರಗತಿಗಳಿಗೂ ಮುಂದೆ 3ನೆಯ ತರಗತಿಗೂ ಹರಡಿತು. ಇಲ್ಲಿ ಮೂರು ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ. ಪ್ರತಿ ಮೆಟ್ಟಿಲಿಗೂ ಒಂದು ಕಾರ್ಡು. ತಾನು ಯಾವ ಮೆಟ್ಟಿಲಿನಲ್ಲಿರುವೆನೆಂದು ನೋಡಿ ಮಗುವೇ ಕಾರ್ಡನ್ನು ಆರಿಸಿಕೊಂಡು ತನ್ನ ಗುಂಪಿಗೆ ಹೋಗಿ ಕೂರುತ್ತದೆ. ಅಕ್ಷರಗಳೂ ವರ್ಣಮಾಲೆಯ ಕ್ರಮದಲ್ಲಿ ಬರುವುದಿಲ್ಲ. ಬರೆಯಲು ಸುಲಭವಾದ ರ, ಗ, ಸ, ದ, ಅ ಮೊದಲು ಬರುತ್ತವೆ. ಈ ಐದರಿಂದಲೇ ಮಗು ಸರ, ದರ, ಅರಸ, ಅಗಸ ಎಂಬ ಪದಗಳನ್ನು ಓದಬಲ್ಲದು.

ಸೋಮವಾರ ಮಕ್ಕಳು ಹವಾಮಾನ ಪಟ್ಟಿಯಲ್ಲಿ ಸೂರ್ಯನ ಚಿತ್ರವನ್ನು ಗುರುತಿಸಿದರು. ಆ ವರ್ಷ ಮಳೆ ಕೈಕೊಟ್ಟಿದ್ದರಿಂದ ಪಟ್ಟಿಯ ತುಂಬ ಸೂರ್ಯನೇ ಇದ್ದ. ಮಂಗಳವಾರ ಮರಳಿನಲ್ಲಿ ‘ಗ’ ತಿದ್ದಿದೆವು. ತಿಂಗಳಲ್ಲಿ ಅರ್ಧ ದಿನವಷ್ಟೇ ಶಾಲೆಗೆ ಬರುತ್ತಿದ್ದ ಹುಡುಗಿಯೊಬ್ಬಳು, “ಇದು ನಮ್ಮ ಎತ್ತಿನ ಲಾಳದಂಗ ಐತ್ರಿ ಅಕ್ಕೋರ” ಎಂದಳು. ಆ ಮಾತು ಕೇಳಿದ ಮೇಲೆ ಇಡೀ ಗುಂಪಿನಲ್ಲಿ ಯಾರೂ ‘ಗ’ವನ್ನು ಮರೆಯಲಿಲ್ಲ.

ಬುಧವಾರ ಹುಣಸೆ ಬೀಜಗಳಿಂದ ಕೂಡುವ ಲೆಕ್ಕ. “ಒಂದಕ್ಕೆ ಒಂದು ಕೂಡಿದರೆ?” ಎಂದು ಕೇಳಿದಾಗ ಅವಳು, “ಎರಡ್ರಿ” ಎಂದಳು. ತುಸು ತಡೆದು, “ಆದ್ರ ಅಪ್ಪ ಅವ್ವ ಕೂಡಿದ್ರ ಒಂದ ಅಂತಾನ್ರಿ ಮುಕಾದಮ” ಎಂದಳು. ಉಳಿದ ಮಕ್ಕಳು ನಕ್ಕರು. ನನಗೆ ನಗು ಬರಲಿಲ್ಲ. ಕಬ್ಬು ಕಡಿಯುವವರ ಲೆಕ್ಕದಲ್ಲಿ ಗಂಡಹೆಂಡಿರಿಬ್ಬರೂ ಸೇರಿ ಒಂದು ಕೋಯ್ತಾ. ಮುಂಗಡ ಹಣವೂ ಕೋಯ್ತಾಕ್ಕೆ ಇಷ್ಟೆಂದೇ. ನಮ್ಮ ಭಾಗದ ಅನೇಕ ಕುಟುಂಬಗಳು ಸುಗ್ಗಿಯ ತಿಂಗಳುಗಳಲ್ಲಿ ಸಾಂಗ್ಲಿ, ಕೊಲ್ಹಾಪುರದ ಕಡೆ ಹೀಗೆ ಹೋಗುತ್ತವೆ. ಇವರ ಮನೆಯೂ ಹೊರಡಲಿದೆಯೆಂಬ ಸುದ್ದಿ ನನಗೆ ತಲುಪಿದ್ದು ಆ ಕೂಡುವ ಲೆಕ್ಕದಿಂದ.

ಗುರುವಾರ ಅವಳು ‘ಸ’ವನ್ನು ಮುಗಿಸಿ, ಯಾರ ಸಹಾಯವೂ ಇಲ್ಲದೆ ‘ಗರಗಸ’ ಎಂದು ಓದಿದಳು. ಅದು ಅವಳು ಬದುಕಿನಲ್ಲಿ ಓದಿದ ಮೊದಲ ಉದ್ದನೆಯ ಪದ. ಬಿಸಿಯೂಟಕ್ಕೆ ಸಾಲಿನಲ್ಲಿ ನಿಂತಾಗಲೂ ತಟ್ಟೆ ಬಡಿಯುತ್ತ ಅದನ್ನೇ ಹೇಳಿಕೊಳ್ಳುತ್ತಿದ್ದಳು. ಶುಕ್ರವಾರ ತಲೆಯ ಮೇಲಿನ ಚಪ್ಪರದ ದಾರಕ್ಕೆ ಮಕ್ಕಳ ಚಿತ್ರಗಳನ್ನು ತೂಗುಹಾಕಿದೆವು. ಅವಳದು ಕಬ್ಬು ಹೇರಿದ ಟ್ರ್ಯಾಕ್ಟರ್.

ಶನಿವಾರ ಬೆಳಗಿನ ಶಾಲೆ ಬಿಡುವ ಹೊತ್ತಿಗೆ ತಾಯಿ ಬಂದರು. ಮಗಳನ್ನು ಅಜ್ಜಿಯ ಬಳಿ ಬಿಟ್ಟುಹೋಗಿರೆಂದು ನಾನು ಕೇಳಿಕೊಂಡೆ. “ನಮ್ಮತ್ತಿಗೆ ಕಣ್ಣ ಕಾಣೂದಿಲ್ರಿ ಅಕ್ಕೋರ. ಕೈಗೂಸು ಐತಿ. ನಾ ಕಬ್ಬ ಕಡ್ಯಾಕ ನಿಂತ್ರ ಅದನ್ನ ಯಾರ್ ನೋಡ್ತಾರ್ರಿ?” ಎಂದರು. ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಆರು ವರ್ಷದ ಮಗುವೊಂದು ಶಾಲೆ ಬಿಡುವುದು ತಾಯ್ತಂದೆಯರ ಅಸಡ್ಡೆಯಿಂದಲೇ ಎಂದು ಭಾವಿಸುವವರು ಆ ತಾಯಿಯ ಮುಖವನ್ನೊಮ್ಮೆ ನೋಡಬೇಕಿತ್ತು. ಮಹಾರಾಷ್ಟ್ರದಲ್ಲಿ ಸಕ್ಕರೆ ಕಾರ್ಖಾನೆಗಳ ಬಳಿ ಇಂಥ ಮಕ್ಕಳಿಗಾಗಿ ಸಾಖರ ಶಾಲೆಗಳು ನಡೆದದ್ದುಂಟು. ಆದರೆ ಅಲ್ಲಿನ ಕಲಿಕೆ ಮರಾಠಿಯಲ್ಲಿ. ನಾನು ಐದು ಅಕ್ಷರಗಳನ್ನು ರಟ್ಟಿನ ತುಂಡುಗಳ ಮೇಲೆ ದೊಡ್ಡದಾಗಿ ಬರೆದು ಅವಳ ಕೈಗಿತ್ತೆ.

ಮಾರ್ಚ್ ಕೊನೆಗೆ, ಯುಗಾದಿಗೆ ಕೆಲ ದಿನ ಮೊದಲು, ಅವಳು ಮರಳಿ ಬಂದಳು. ನೇರವಾಗಿ ಏಣಿಯ ಮುಂದೆ ನಿಂತು ತನ್ನ ಮೆಟ್ಟಿಲನ್ನು ಹುಡುಕಿದಳು. ‘ದ’ ಮತ್ತು ‘ಅ’ ಅವಳಿಗೆ ಇನ್ನೂ ಆಗಬೇಕಿತ್ತು. ಉಳಿದ ಮೂರು ನೆನಪಿನಲ್ಲಿದ್ದವು. ರಟ್ಟಿನ ತುಂಡುಗಳಲ್ಲಿ ಎರಡನ್ನು ತಮ್ಮ ಕಚ್ಚಿ ಹಾಳುಮಾಡಿದ್ದನಂತೆ. ಪಾಠಪುಸ್ತಕದ ತರಗತಿಯಾಗಿದ್ದರೆ ಅವಳು ಐದು ತಿಂಗಳ ಪಾಠಗಳ ಹಿಂದೆ ಕೂರಬೇಕಿತ್ತು. ಇಲ್ಲಿ ಬಿಟ್ಟ ಮೆಟ್ಟಿಲಿನಿಂದಲೇ ಏರಿದಳು. ಜೂನ್‌ನಲ್ಲಿ ಎರಡನೆಯ ತರಗತಿಯವಳಾದಾಗಲೂ ಅದೇ ಕೋಣೆಯಲ್ಲಿ ಮುಂದುವರಿದಳು.

ಹೀಗೆಂದು ಏಣಿಯೊಂದೇ ಸಾಕೆಂದು ನಾನು ಹೇಳಲಾರೆ. ಏಣಿ ಕಾಯುತ್ತದೆ, ಮಗುವಿನ ವಯಸ್ಸು ಕಾಯುವುದಿಲ್ಲ. ಎರಡು ಮೂರು ಸುಗ್ಗಿಗಳು ಹೀಗೆ ಕಳೆದರೆ ಹುಡುಗಿಯ ಕೈಗೆ ಕೂಸಿನ ಬದಲು ಕುಡಗೋಲು ಬರುತ್ತದೆ. ಓದುಗರಾದ ನಿಮ್ಮ ಓಣಿಯಲ್ಲಿಯೂ ದುಡಿಯಲು ಹೊರಡುವ ಮನೆಗಳಿರಬಹುದು. ಒಂದು ಮಗುವನ್ನು ಊರಲ್ಲಿ ಉಳಿಸಿಕೊಳ್ಳಲು ಬೇಕಾಗುವುದು ಅನೇಕ ವೇಳೆ ಇಷ್ಟೇ: ಕಣ್ಣು ಕಾಣದ ಅಜ್ಜಿಗೆ ನೆರವಾಗುವ ಒಂದು ನೆರೆಮನೆ, ರಾತ್ರಿಗೆ ಎರಡು ರೊಟ್ಟಿ, ಬೆಳಿಗ್ಗೆ ಜಡೆ ಹೆಣೆದು ಶಾಲೆಗೆ ಕಳುಹಿಸುವ ಒಂದು ಕೈ. ಹೊರಡುವ ಮುಂಚೆಯೇ, ದಸರೆಯ ಹೊತ್ತಿಗೆ, ಆ ಮನೆಯವರನ್ನು ಕೇಳಿ ನೋಡಿ.