ಅರಿವಿಲ್ಲದ ವ್ರತ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು ಸೇರಿ ಪ್ರತ್ಯೇಕ ಜಿಲ್ಲೆಯಾದದ್ದು ೨೦೦೭ರಲ್ಲಿ. ೨೦೨೫ರಿಂದ ಅದಕ್ಕೆ ಬೆಂಗಳೂರು ದಕ್ಷಿಣವೆಂಬ ಹೆಸರು. ರಾಮನಗರದ ಶಾಸಕರೇ ಮುಖ್ಯಮಂತ್ರಿಗಳಾಗಿದ್ದ ೨೦೦೭ರಲ್ಲೇ, ಶಾಲೆಗಳಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ರಾಜ್ಯ ಸರ್ಕಾರವು ತಡೆಹಿಡಿಯಿತು. ಕೇಂದ್ರದ ಶಿಕ್ಷಣ ಖಾತೆಯೂ ಏಡ್ಸ್ ನಿಯಂತ್ರಣ ಸಂಸ್ಥೆಯೂ ೨೦೦೫ರಲ್ಲಿ ಆರಂಭಿಸಿದ್ದ ಈ ಪಾಠ ನಮ್ಮ ಸಂಸ್ಕೃತಿಗೆ ಒಗ್ಗದು, ಅದರ ಚಿತ್ರಗಳು ಅಸಭ್ಯ ಎಂಬುದು ಆಕ್ಷೇಪವಾಗಿತ್ತು. ಮಹಾರಾಷ್ಟ್ರ, ಗುಜರಾತುಗಳಲ್ಲಿಯೂ ಹೀಗೆಯೇ ಆಯಿತು.

ನಮ್ಮ ಸಮಾಜವೂ ಈ ಚರ್ಚೆಯಿಂದ ದೂರವಿರಲಿಲ್ಲ. ಆಚಾರ್ಯ ವಿಜಯ ರತ್ನಸುಂದರಸೂರಿಗಳು ಲೈಂಗಿಕ ಶಿಕ್ಷಣದ ವಿರುದ್ಧ ರಾಜ್ಯಸಭೆಯ ಅರ್ಜಿಗಳ ಸಮಿತಿಯ ಮೊರೆಹೊಕ್ಕರು. ೨೦೦೯ರಲ್ಲಿ ಸಮಿತಿಯು ಶಾಲೆಗಳಲ್ಲಿ ಅದು ಬೇಡವೆಂದೇ ವರದಿಯಿತ್ತಿತು. ಪೂಜ್ಯರ ತಪಸ್ಸಿಗೆ ನಮಿಸುತ್ತಲೇ, ಈ ಒಂದು ವಿಷಯದಲ್ಲಿ ನನ್ನ ಭಿನ್ನಾಭಿಪ್ರಾಯವನ್ನು ವಿನಯದಿಂದ ನಿವೇದಿಸುತ್ತೇನೆ.

ದಶಲಕ್ಷಣ ಪರ್ವದಲ್ಲಿ ನಾವು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ತತ್ತ್ವಾರ್ಥಸೂತ್ರವನ್ನು ಪಠಿಸುತ್ತೇವೆ. ಅದರ ಎರಡನೆಯ ಅಧ್ಯಾಯವು ಗರ್ಭಜನ್ಮವನ್ನೂ, ಜರಾಯುಜ, ಅಂಡಜ, ಪೋತಗಳೆಂಬ ಅದರ ಭೇದಗಳನ್ನೂ ಹೆಸರಿಸುತ್ತದೆ. ಏಳನೆಯ ಅಧ್ಯಾಯವು ಬ್ರಹ್ಮಚರ್ಯಾಣುವ್ರತದ ಐದು ಅತಿಚಾರಗಳನ್ನು ಮುಚ್ಚುಮರೆಯಿಲ್ಲದೆ ಎಣಿಸುತ್ತದೆ. ಯಾವುದು ಅತಿಚಾರವೆಂದು ತಿಳಿಯದವನು ಅದನ್ನು ತ್ಯಜಿಸುವುದಾದರೂ ಹೇಗೆ? ಮೋಕ್ಷಮಾರ್ಗದಲ್ಲಿ ಸಮ್ಯಗ್ಜ್ಞಾನವು ಚಾರಿತ್ರಕ್ಕಿಂತ ಮೊದಲು ಬರುತ್ತದೆ. ಉಮಾಸ್ವಾಮಿಗಳಿಗಿಲ್ಲದ ಸಂಕೋಚ ನಮಗೇಕೆ?

ಮಾಗಡಿಯ ಕಡೆ ಬಿತ್ತನೆಗೂಡು ಬೆಳೆಯುವ ಮನೆಗಳ ಮಕ್ಕಳಿಗೆ ಗೂಡಿನಿಂದ ಹೊರಬಂದ ಗಂಡು, ಹೆಣ್ಣು ಚಿಟ್ಟೆಗಳನ್ನು ಜೋಡಿಮಾಡಿ ಮೊಟ್ಟೆ ಇಡಿಸುವರೆಂಬುದು ಗೊತ್ತು. (ರೇಷ್ಮೆಯಲ್ಲಿರುವ ಹಿಂಸೆಯ ವಿಚಾರ ಬೇರೆಯೇ, ಅದನ್ನುಟ್ಟು ಪೂಜೆಗೆ ಬರುವವರು ಯೋಚಿಸಲಿ.) ಆದರೆ ತನ್ನದೇ ದೇಹದ ಋತುಧರ್ಮವು ರೋಗವಲ್ಲವೆಂಬುದನ್ನು ಆ ಮನೆಯ ಹುಡುಗಿಗೆ ಮುಂಚಿತವಾಗಿ ಯಾರೂ ಹೇಳಿರುವುದಿಲ್ಲ. ಹತ್ತನೆಯ ತರಗತಿಯ ವಿಜ್ಞಾನದಲ್ಲಿ ಸಂತಾನೋತ್ಪತ್ತಿಯ ಅಧ್ಯಾಯವಿದೆ. ಅಷ್ಟರಲ್ಲಿ ಕಾಲ ಮೀರಿರುತ್ತದೆ.

ಇದಕ್ಕಿಂತ ಗಂಭೀರವಾದುದು ಇನ್ನೊಂದಿದೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳನ್ನು ತಡೆಯಲು ೨೦೧೨ರಲ್ಲಿ ಪೋಕ್ಸೊ ಕಾಯಿದೆ ಬಂದಿತು. ಇಂತಹ ಪ್ರಕರಣಗಳಲ್ಲಿ ಬಹುಪಾಲು ಆರೋಪಿಗಳು ಮಗುವಿಗೆ ಪರಿಚಿತರೇ: ನೆರೆಯವರು, ಬಂಧುಗಳು, ಕೆಲವೊಮ್ಮೆ ಮನೆಯ ಹಿರಿಯರು. ಅಂತಹವನು ಮುಟ್ಟಿದಾಗ ಆ ಅಂಗದ ಹೆಸರೇ ತಿಳಿಯದ ಮಗು ತಾಯಿಗೆ ಏನೆಂದು ದೂರಬೇಕು? ನಾವು ಮರ್ಯಾದೆಯೆಂದು ಕರೆಯುವ ಮೌನವು ಅಲ್ಲಿ ಅಪರಾಧಿಗೇ ನೆರವಾಗುತ್ತದೆ. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದವರು ಈ ಹಿಂಸೆಯನ್ನು ಕಾಣದಂತಿರಲಾಗದು. ೨೦೨೫ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಈ ಶಿಕ್ಷಣವು ಒಂಬತ್ತನೆಯ ತರಗತಿಗೆ ಕಾಯದೆ ಇನ್ನೂ ಎಳೆಯ ವಯಸ್ಸಿನಲ್ಲೇ ದೊರೆಯಬೇಕೆಂದಿತು.

ಚಿತ್ರಗಳ ಬಗೆಗಿನ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ವಯಸ್ಸಿಗೆ ತಕ್ಕಂತೆ ಅವನ್ನು ತಿದ್ದಬಹುದು. ಸರ್ಕಾರಿ ಶಾಲೆಗಳಿಗೆ ನೋಟ್‌ಪುಸ್ತಕ ಹಂಚಲು ಹೋಗುವ ನಮ್ಮ ಟ್ರಸ್ಟಿಗಳು ಅಲ್ಲಿಯ ಎಸ್‌ಡಿಎಂಸಿ ಸದಸ್ಯರೊಡನೆ ಈ ವಿಷಯವನ್ನೂ ಪ್ರಸ್ತಾಪಿಸಲಿ. ಪಠ್ಯವನ್ನು ಮೊದಲು ತಾಯಂದಿರಿಗೆ ತೋರಿಸಲಿ. ಹೆಣ್ಣುಮಕ್ಕಳಿಗೆ ಶಿಕ್ಷಕಿಯರೋ ವೈದ್ಯೆಯರೋ ಪಾಠ ಹೇಳಲಿ. ಗಂಡುಮಕ್ಕಳನ್ನು ಮಾತ್ರ ಆ ಹೊತ್ತಿನಲ್ಲಿ ಆಟಕ್ಕೆ ಕಳುಹಿಸದಿರಲಿ.