ಬೆನ್ನುಹುರಿಯೋ, ಸ್ನಾಯುವೋ

1
1888. ಕಪ್ಪೆಯ ಮೊಟ್ಟೆ ಒಡೆದು ಎರಡು ಕೋಶವಾದ ಹೊತ್ತು. ವಿಲ್ಹೆಲ್ಮ್ ರೂ ಕಾದ ಸೂಜಿ ಚುಚ್ಚಿ ಒಂದು ಕೋಶವನ್ನು ಕೊಂದರು. ಉಳಿದ ಕೋಶ ಅರ್ಧ ಭ್ರೂಣವಾಗಿ ಬೆಳೆಯಿತು.

2
1910. ಜೆ. ಎಫ್. ಮೆಕ್‌ಲೆಂಡನ್ ಅದೇ ಹಂತದಲ್ಲಿ ಒಂದು ಕೋಶವನ್ನು ಹೀರಿ ತೆಗೆದುಬಿಟ್ಟರು. ಉಳಿದದ್ದು ಇಡೀ ಭ್ರೂಣವಾಯಿತು.

ರೂ ಕೊಂದ ಕೋಶ ಪಕ್ಕದಲ್ಲೇ ಅಂಟಿಕೊಂಡಿತ್ತು.

3
ಹಾನ್ಸ್ ಸ್ಪೇಮನ್ ನ್ಯೂಟ್ ಎಂಬ ನೀರುಜೀವಿಯ ಮೊಟ್ಟೆಗೆ ಎಳೆಗೂಸಿನ ಕೂದಲಿನ ಕುಣಿಕೆ ಹಾಕಿ ಬಿಗಿದರು. ಕುಣಿಕೆ ಒಂದು ದಿಕ್ಕಿನಲ್ಲಿ ಬಿದ್ದರೆ ಎರಡು ಮರಿ. ಬೆನ್ನಿನ ಭಾಗ ಒಂದು ಕಡೆ, ಹೊಟ್ಟೆಯ ಭಾಗ ಇನ್ನೊಂದು ಕಡೆ ಆಗುವಂತೆ ಬಿದ್ದರೆ ಒಂದೇ ಮರಿ, ಜೊತೆಗೊಂದು ಮುದ್ದೆ. ಮುದ್ದೆಯಲ್ಲಿ ಯಕೃತ್ತಿನ ಕೋಶ ಇದ್ದವು, ಶ್ವಾಸಕೋಶದವೂ ಇದ್ದವು. ಬೆನ್ನು ಇರಲಿಲ್ಲ. ಸ್ಪೇಮನ್ ಅದನ್ನು ಹೊಟ್ಟೆಯ ತುಂಡು ಎಂದು ಕರೆದರು.

4
1924, ಫ್ರೈಬರ್ಗ್. ಸ್ಪೇಮನ್ ಅವರ ವಿದ್ಯಾರ್ಥಿನಿ ಹಿಲ್ಡ ಮಾಂಗೋಲ್ಡ್ ಅವರ ಪ್ರಯೋಗ ಪ್ರಕಟವಾಯಿತು. ತಿಳಿ ಬಣ್ಣದ ನ್ಯೂಟ್ ಭ್ರೂಣದಿಂದ ಒಂದು ಚೂರು ಕಿತ್ತು ಗಾಢ ಬಣ್ಣದ ಭ್ರೂಣದ ಹೊಟ್ಟೆಯ ಕಡೆ ನೆಟ್ಟರು. ಅಲ್ಲಿ ಎರಡನೆಯ ಭ್ರೂಣವೊಂದು ಎದ್ದಿತು. ಅದರ ಬೆನ್ನುಹುರಿಯನ್ನು ಸೀಳಿ ನೋಡಿದರೆ ಹೆಚ್ಚಿನ ಕೋಶಗಳು ಗಾಢ ಬಣ್ಣದವು: ನೆಟ್ಟ ಚೂರಿನವಲ್ಲ, ಅಲ್ಲೇ ಇದ್ದವು. ಹಾಗೇ ಬಿಟ್ಟಿದ್ದರೆ ಹೊಟ್ಟೆಯ ಚರ್ಮವಾಗುತ್ತಿದ್ದವು.

ಅದೇ ವರ್ಷ ಮಾಂಗೋಲ್ಡ್ ಒಲೆಯ ಬೆಂಕಿ ತಗುಲಿ ತೀರಿಕೊಂಡರು. ವಯಸ್ಸು 25. ಸ್ಪೇಮನ್ ಅವರಿಗೆ ನೊಬೆಲ್ ಬಂದದ್ದು 1935ರಲ್ಲಿ.

5
1930ರ ದಶಕ. ಮಾಂಗೋಲ್ಡ್ ನೆಟ್ಟಂಥ ಚೂರನ್ನು ಬಿಸಿ ಮಾಡಿ ಕೊಂದು ನೆಟ್ಟರೂ ಸುತ್ತಲಿನ ಕೋಶಗಳು ನರವಾದವು.

6
1936. ಚೂರಿನ ಬದಲು ಮೆಥಿಲೀನ್ ಬ್ಲೂ ಎಂಬ ಬಣ್ಣವಿಟ್ಟರೂ ನರವಾದವು.

7
1989. ಜೆನೊಪಸ್ ಕಪ್ಪೆಯ ಭ್ರೂಣದ ನೆತ್ತಿಯಿಂದ ಒಂದು ತುಣುಕು ಕತ್ತರಿಸಿ ಉಪ್ಪಿನ ದ್ರಾವಣದಲ್ಲಿ ಬಿಟ್ಟರೆ ಚರ್ಮವಾಗುತ್ತದೆ. ಅದೇ ತುಣುಕಿನ ಕೋಶಗಳನ್ನು ಬಿಡಿಸಿ, ಒಂದಕ್ಕೊಂದು ತಾಗದಂತೆ ಕೆಲವು ಗಂಟೆ ಇಟ್ಟರೆ ನರಕೋಶಗಳಾಗುತ್ತವೆ. ಯಾರೂ ಏನನ್ನೂ ಸೇರಿಸಿಲ್ಲ.

ಕಾರಣ ಆಮೇಲೆ ಸಿಕ್ಕಿತು. ಕೋಶಗಳು ಬಿಎಂಪಿ ಎಂಬ ಪ್ರೋಟೀನು ಸ್ರವಿಸುತ್ತವೆ. ಅದು ತಾಗಿದ ಕೋಶ ಚರ್ಮದ ದಾರಿ ಹಿಡಿಯುತ್ತದೆ. ಮಾಂಗೋಲ್ಡ್ ನೆಟ್ಟಂಥ ಚೂರಿನಿಂದ ಹೊರಬರುವ ನಾಗಿನ್ (1992), ಕಾರ್ಡಿನ್ (1994) ಎಂಬ ಪ್ರೋಟೀನುಗಳು ಬಿಎಂಪಿಯನ್ನು ಹಿಡಿದಿಡುತ್ತವೆ. ನರವಾಗು ಎಂದು ಅವು ಹೇಳುವುದಿಲ್ಲ. ಚರ್ಮವಾಗು ಎಂಬ ಮಾತು ತಲುಪದಂತೆ ನೋಡಿಕೊಳ್ಳುತ್ತವೆ.

8
1988. ಜಾನ್ ಗರ್ಡನ್. ಅದೇ ಕಪ್ಪೆ. ಸ್ನಾಯುವಾಗಬೇಕಾದ ಕೋಶಗಳು ಕೆಲವೇ ಇದ್ದರೆ ಸ್ನಾಯುವಾಗಲಿಲ್ಲ. ತಮ್ಮಂಥವು ಬಹಳ ಇದ್ದಲ್ಲಿ ಆದವು.

9
ಭ್ರೂಣಕ್ಕೆ ಮೂರು ಪದರ. ಕೋಳಿಯ ಮೊಟ್ಟೆಯಲ್ಲಿ ಇದನ್ನು ಕ್ರಿಸ್ಟಿಯಾನ್ ಪಾಂಡರ್ 1817ರಲ್ಲಿ ವಿವರಿಸಿದರು. ಹೊರಪದರದಿಂದ ಚರ್ಮ, ಮಿದುಳು, ಬೆನ್ನುಹುರಿ, ನಡುಪದರದಿಂದ ಸ್ನಾಯು, ಮೂಳೆ, ಒಳಪದರದಿಂದ ಕರುಳು. ಪದರ ಮೊದಲು ತೀರ್ಮಾನ, ಅಂಗ ಆಮೇಲೆ. ಶಾಲೆಯಲ್ಲಿ ನಾವೂ ಹೀಗೇ ಬರೆದೆವು.

10
2009. ಇಲಿಯ ಭ್ರೂಣದಲ್ಲಿ ಒಂದು ಕೋಶಕ್ಕೆ ಗುರುತು ಬಿದ್ದರೆ ಅದರ ಸಂತತಿಯೆಲ್ಲ ನೀಲಿಯಾಗಿ ಕಾಣುವ ಉಪಾಯ. ಪ್ಯಾರಿಸ್ ಮತ್ತು ಎಡಿನ್‌ಬರೋದವರು ಸೇರಿ ನೋಡಿದರು. ಒಂದೇ ಕೋಶದ ಸಂತತಿ ಬೆನ್ನುಹುರಿಯಲ್ಲೂ ಇತ್ತು, ಅದರ ಪಕ್ಕದ ಸ್ನಾಯುವಿನಲ್ಲೂ ಇತ್ತು.

ಪದರಗಳು ಮೂಡಿ ಎಷ್ಟೋ ಹೊತ್ತಾದ ಮೇಲೂ ಯಾವ ಪದರಕ್ಕೂ ಸೇರದೆ ಉಳಿದ ಕೋಶಗಳು.

11
ಅವು ಇರುವುದು ಭ್ರೂಣದ ಹಿಂತುದಿಯಲ್ಲಿ, ಮುಂದೆ ಬಾಲವಾಗುವ ಕಡೆ. ಬೆನ್ನೆಲುಬಿರುವ ಪ್ರಾಣಿಯ ದೇಹ ಒಮ್ಮೆಗೇ ಆಗುವುದಿಲ್ಲ. ತಲೆಯ ಕಡೆ ಮೊದಲು, ಆಮೇಲೆ ಹಿಂದಕ್ಕೆ ಹಿಂದಕ್ಕೆ. ಬೆನ್ನುಹುರಿಯ ಎರಡೂ ಪಕ್ಕ ಸೋಮೈಟ್ ಎಂಬ ಗಂಟುಗಳು ಜೋಡಿ ಜೋಡಿಯಾಗಿ ಮೂಡುತ್ತವೆ. ಬೆನ್ನುಮೂಳೆ, ಪಕ್ಕೆಲುಬು, ಬೆನ್ನಿನ ಸ್ನಾಯು ಅವುಗಳಿಂದಲೇ.

ಜೀಬ್ರಾ ಮೀನಿನಲ್ಲಿ ಸುಮಾರು 30 ನಿಮಿಷಕ್ಕೊಂದು ಜೋಡಿ. ಕೋಳಿಯಲ್ಲಿ 90. ಇಲಿಯಲ್ಲಿ ಸುಮಾರು 2 ಗಂಟೆ.

12
ಹಿಂತುದಿಯ ಆ ಕೋಶಗಳಲ್ಲಿ ಎರಡು ಜೀನುಗಳು ಒಟ್ಟಿಗೆ ಕೆಲಸ ಮಾಡುತ್ತಿರುತ್ತವೆ. ಸಾಕ್ಸ್2: ನರದ ಕಡೆಯದು. ಬ್ರಾಕಿಯೂರಿ: ನಡುಪದರದ ಕಡೆಯದು. ಒಂದು ಉಳಿದು ಇನ್ನೊಂದು ಆರುವವರೆಗೆ ಕೋಶ ಎರಡೂ ಆಗಬಲ್ಲದು.

13
ಬ್ರಾಕಿಯೂರಿ ಮೊದಲು ಕಂಡದ್ದು ಬಾಲದಲ್ಲಿ. 1927, ಪ್ಯಾರಿಸ್. ರಷ್ಯದಿಂದ ಬಂದ ನಾಡೆಜ್ದಾ ಡೊಬ್ರೊವೊಲ್ಸ್‌ಕಾಯಾ-ಜಾವಡ್‌ಸ್ಕಾಯಾ ಮೊಂಡು ಬಾಲದ ಇಲಿಗಳ ಬಗ್ಗೆ ಬರೆದರು. ಜೀನಿನ ಒಂದು ಪ್ರತಿ ಕೆಟ್ಟಿದ್ದರೆ ಬಾಲ ಗಿಡ್ಡ. ಎರಡೂ ಕೆಟ್ಟಿದ್ದರೆ ಮರಿ ಹೊಟ್ಟೆಯಲ್ಲೇ ಸಾಯುತ್ತದೆ. ಅದರ ದೇಹದ ಹಿಂಭಾಗ ಬೆಳೆದೇ ಇರುವುದಿಲ್ಲ. ಜೀನು ಕೈಗೆ ಸಿಕ್ಕಿದ್ದು 1990ರಲ್ಲಿ.

14
1998. ಡೆಬೊರಾ ಚಾಪ್‌ಮನ್, ವರ್ಜೀನಿಯಾ ಪಾಪಾಯೊಆನು. ಟಿಬಿಎಕ್ಸ್6 ಎಂಬ ಜೀನು ಕೆಟ್ಟ ಇಲಿಯ ಭ್ರೂಣ. ಅಡ್ಡ ಕೊಯ್ದು ನೋಡಿದರೆ ನಡುವೆ ಬೆನ್ನುಹುರಿಯ ಕೊಳವೆ. ಎಡಕ್ಕೆ ಸೋಮೈಟ್ ಇರಬೇಕಾದಲ್ಲಿ ಇನ್ನೊಂದು ಕೊಳವೆ. ಬಲಕ್ಕೆ ಮತ್ತೊಂದು. ಒಟ್ಟು ಮೂರು.

ಈ ವಿಷಯದಲ್ಲಿ ನಾನು ಓದಿದ್ದರಲ್ಲಿ ಇಷ್ಟು ಹೊತ್ತು ತಡೆದು ನಿಲ್ಲಿಸಿದ್ದು ಬೇರೆ ಇಲ್ಲ. ಕೋಶಗಳು ಸಾಯಲಿಲ್ಲ, ಮುದ್ದೆಯಾಗಲೂ ಇಲ್ಲ. ಸ್ನಾಯುವಿನ ಜಾಗದಲ್ಲಿ ನಿಂತು, ಕೊಳವೆಯ ಆಕಾರ ಸಹಿತ ಬೆನ್ನುಹುರಿ ಕಟ್ಟಿದವು.

15
2011, ಜಪಾನಿನ ತಾಕೆಮೊಟೊ ಮತ್ತು ಸಂಗಡಿಗರು. ಟಿಬಿಎಕ್ಸ್6 ಮಾಮೂಲಾಗಿ ಸಾಕ್ಸ್2ನ ಒಂದು ಸ್ವಿಚ್ಚನ್ನು ಆರಿಸುತ್ತದೆ. ಟಿಬಿಎಕ್ಸ್6 ಕೆಟ್ಟಿದ್ದ ಇಲಿಯಲ್ಲಿ ಆ ಸ್ವಿಚ್ಚನ್ನೂ ಕತ್ತರಿಸಿ ತೆಗೆದಾಗ ಹೆಚ್ಚುವರಿ ಕೊಳವೆಗಳು ಬರಲಿಲ್ಲ. ಇನ್ನು ಎಲ್ಲ ಸರಿಯಿದ್ದ ಇಲಿಯ ನಡುಪದರದಲ್ಲಿ ಸಾಕ್ಸ್2 ಒಂದನ್ನು ಬಲವಂತವಾಗಿ ಉರಿಸಿದಾಗ ಅಲ್ಲೂ ಕೊಳವೆ ಎದ್ದಿತು.

16
ಚಾಪ್‌ಮನ್ ಅವರ ಇಲಿಗಳಲ್ಲಿ ಕತ್ತಿನ ಕಡೆಯ ಕೆಲವು ಸೋಮೈಟ್‌ಗಳು ಓರೆಕೋರೆಯಾಗಿಯಾದರೂ ಮೂಡಿದ್ದವು. ಮೂರು ಕೊಳವೆ ಶುರುವಾಗುವುದು ಅವುಗಳ ಹಿಂದೆ. ಬ್ರಾಕಿಯೂರಿಯ ಎರಡೂ ಪ್ರತಿ ಕೆಟ್ಟ ಭ್ರೂಣಗಳಲ್ಲೂ ಮುಂದಿನ ಕೆಲವು ಸೋಮೈಟ್‌ಗಳು ಇರುತ್ತವೆ.