ಎರಡೂವರೆ ನಿಮಿಷ

ಔಡಲೆಣ್ಣೆ ಸುಟ್ಟ ವಾಸನೆ ಮೂಗಿಗೆ ಬಿದ್ದರೆ ನನಗೆ ಅವತ್ತು ರವಿವಾರ. ಚಿಕ್ಕವನಿದ್ದಾಗ ರವಿವಾರ ಮುಂಜಾನೆ ಆಯಿ ನೆತ್ತಿಗೆ ಔಡಲೆಣ್ಣೆ ತಟ್ಟಿ ಬಚ್ಚಲಿಗೆ ಕಳಿಸುತ್ತಿದ್ದಳು. ಈಗ ಅದೇ ಎಣ್ಣೆಯನ್ನು ನನ್ನ ದೋಣಿ ಕುಡಿಯುತ್ತದೆ. ವಿಜಯಪುರದ ಇಬ್ರಾಹಿಂಪುರದಲ್ಲಿರುವ ನಮ್ಮ ಮನೆಯ ಹಿತ್ತಲಲ್ಲಿ ಪತ್ರಾಸಿನ ಒಂದು ಶೆಡ್ಡಿದೆ. ಗದಗಿನ ಕಡೆ ಹೋಗುವ ರೈಲಿನ ಸದ್ದು ಅಲ್ಲಿಗೆ ಚೆನ್ನಾಗಿ ಕೇಳುತ್ತದೆ. ಆ ಶೆಡ್ಡಿನಲ್ಲಿ ಕೂತು, ಹಠ ಹಿಡಿದ ಇಂಜಿನ್ನನ್ನು ಮುಂದಿಟ್ಟುಕೊಂಡು, ಅದಕ್ಕೆ ಏನಾಗಿದೆ ಎಂದು ಹುಡುಕುವುದರಲ್ಲಿ ನನಗಿರುವಷ್ಟು ಸುಖ ಇನ್ನೊಂದರಲ್ಲಿಲ್ಲ.

ದೋಣಿ ಎರಡೂವರೆ ಅಡಿ ಉದ್ದದ್ದು. ದಂಡೆಯ ಮೇಲೆ ನಿಂತು ರೇಡಿಯೋ ರಿಮೋಟಿನಿಂದ ನಡೆಸುವಂಥದ್ದು. ರೇಡಿಯೋದಿಂದ ನಡೆದ ಮೊದಲ ಯಂತ್ರಗಳಲ್ಲಿ ಒಂದು ದೋಣಿಯೇ. 1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನ ಪ್ರದರ್ಶನವೊಂದರಲ್ಲಿ ನೀರಿನ ತೊಟ್ಟಿಯೊಳಗೆ ತನ್ನ ದೋಣಿಯನ್ನು ದೂರದಿಂದಲೇ ತಿರುಗಿಸಿ ತೋರಿಸಿದ. ಅವನದು ಬ್ಯಾಟರಿಯದು. ನನ್ನದಕ್ಕೆ 3.5 ಸಿಸಿಯ ಇಂಜಿನ್. ಪಿಸ್ಟನ್ನು ಹೆಬ್ಬೆರಳಿನ ತುದಿಯಷ್ಟಿದೆ. ಆದರೆ ನಿಮಿಷಕ್ಕೆ 20,000 ಸುತ್ತು ದಾಟುತ್ತದೆ. ಈಗ ಬ್ಯಾಟರಿ ದೋಣಿಗಳೂ ವೇಗದಲ್ಲಿ ಕಡಿಮೆಯಿಲ್ಲ, ಒಪ್ಪುತ್ತೇನೆ. ಅವು ಕೆಟ್ಟಾಗ ಮಾತ್ರ ನನ್ನ ಕಿವಿಗೂ ಮೂಗಿಗೂ ಕೆಲಸವಿರುವುದಿಲ್ಲ.

ಇದರ ಇಂಧನ ಪೆಟ್ರೋಲಲ್ಲ. ಮೆಥನಾಲು, ಅದಕ್ಕೆ ನೂರಕ್ಕೆ 20ರಷ್ಟು ನೈಟ್ರೋಮೀಥೇನು, ಜೊತೆಗೆ ಎಣ್ಣೆ. ಒಂದು ಕಿಲೋ ಪೆಟ್ರೋಲ್ ಉರಿಯಲು 14.7 ಕಿಲೋ ಗಾಳಿ ಬೇಕು. ಮೆಥನಾಲಿಗೆ ಆರೂವರೆ ಕಿಲೋ ಸಾಕು. ನೈಟ್ರೋಮೀಥೇನು ತನ್ನೊಳಗೇ ಆಮ್ಲಜನಕ ಹೊತ್ತು ಬರುವುದರಿಂದ ಅದಕ್ಕೆ 1.7 ಕಿಲೋ ಗಾಳಿಯಾದರೆ ಆಯಿತು. ಅಂದರೆ ಅಷ್ಟೇ ಗಾಳಿಯಲ್ಲಿ ಎಷ್ಟೋ ಪಟ್ಟು ಇಂಧನ ಉರಿಸಬಹುದು, ಶಕ್ತಿ ಅಲ್ಲಿಂದ ಬರುತ್ತದೆ. ಈ ಮೆಥನಾಲು ವಿಷ. ಹೊಟ್ಟೆಗೆ ಹೋದರೆ ಕಣ್ಣು ಹೋಗುತ್ತದೆ, ಜೀವವೂ ಹೋಗುತ್ತದೆ. ಹಗಲು ಬೆಳಕಿನಲ್ಲಿ ಅದರ ಉರಿ ಕಣ್ಣಿಗೆ ಕಾಣುವುದೇ ಇಲ್ಲ. ಹಾಗಾಗಿ ಕ್ಯಾನು ಬೀಗದೊಳಗಿರುತ್ತದೆ, ಶೆಡ್ಡಿನೊಳಗೆ ಮಕ್ಕಳಿಗೆ ಪ್ರವೇಶವಿಲ್ಲ.

ಕಿಡಿ ಹಾರಿಸುವ ಪ್ಲಗ್ಗೂ ಇದಕ್ಕಿಲ್ಲ. ಗ್ಲೋ ಪ್ಲಗ್ಗಿನೊಳಗೆ ಕೂದಲಿನಷ್ಟು ತೆಳುವಾದ ಪ್ಲಾಟಿನಂ ಮಿಶ್ರಲೋಹದ ತಂತಿಯ ಸುರುಳಿ ಇರುತ್ತದೆ. ಒಂದೂವರೆ ವೋಲ್ಟಿನ ಸೆಲ್ ಹಚ್ಚಿದರೆ ಅದು ಕೆಂಡವಾಗುತ್ತದೆ. ಇಂಜಿನ್ ಚಾಲೂ ಆದಮೇಲೆ ಸೆಲ್ ತೆಗೆದರೂ ಸುರುಳಿ ಆರುವುದಿಲ್ಲ. ಮೆಥನಾಲಿನ ಆವಿ ಪ್ಲಾಟಿನಂ ಮೈಗೆ ತಾಗಿದೊಡನೆ ತಾನೇ ಉರಿದು ಅದನ್ನು ಕೆಂಪಾಗಿಯೇ ಇಡುತ್ತದೆ. ಇಂಜಿನ್ನಿನ ಜಾತಕ ಈ ಸುರುಳಿಯಲ್ಲೇ ಬರೆದಿರುತ್ತದೆ. ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದಾಗ ತಂತಿ ಹೊಳೆಯುತ್ತಿದ್ದರೆ ಎಲ್ಲ ಸರಿ. ಬೂದಿ ಬಣ್ಣಕ್ಕೆ ತಿರುಗಿ ಹೊಳಪು ಕಳೆದುಕೊಂಡಿದ್ದರೆ ಇಂಧನ ಸಾಲದೆ ಸುಟ್ಟಿದೆ. ತೊಯ್ದು ಕಪ್ಪಾಗಿದ್ದರೆ ಇಂಧನ ಹೆಚ್ಚಾಗಿದೆ.

ಹೋದ ಚಳಿಗಾಲದ ಒಂದು ಮುಂಜಾನೆ ನನ್ನ ತಂತಿ ಬೂದಿ ಬಣ್ಣಕ್ಕಿತ್ತು.

ದೋಣಿ ಬಿಡುವುದು ತಿಕೋಟಾ ಹತ್ತಿರ ಗೆಳೆಯನ ದ್ರಾಕ್ಷಿ ತೋಟದ ಕೃಷಿ ಹೊಂಡದಲ್ಲಿ. ಆ ಸೀಮೆಯಲ್ಲಿ ದ್ರಾಕ್ಷಿ ಬದುಕಿರುವುದೇ ಇಂಥ ಹೊಂಡಗಳ ಮೇಲೆ. ತಳಕ್ಕೂ ನಾಲ್ಕು ಬದಿಗೂ ಪ್ಲಾಸ್ಟಿಕ್ ಹಾಳೆ ಹೊದಿಸಿರುತ್ತಾರೆ. ಒಮ್ಮೆ ಕಾಲು ಜಾರಿದರೆ ಮೇಲೆ ಹತ್ತಲು ಏನೂ ಸಿಗುವುದಿಲ್ಲ. ಅದಕ್ಕೇ ನಾವು ನೀರಿಗೆ ಇಳಿಯುವುದಿಲ್ಲ. ಗಂಟು ಹಾಕಿದ ಹಗ್ಗ ಬೇಲಿಯ ಕಂಬಕ್ಕೆ ಕಟ್ಟಿ ಒಳಗೆ ಇಳಿಬಿಟ್ಟಿರುತ್ತೇವೆ. ನಿಂತ ದೋಣಿಯನ್ನು ಗಾಳದ ದಾರಕ್ಕೆ ಟೆನಿಸ್ ಚೆಂಡು ಕಟ್ಟಿ ಎಸೆದು ಎಳೆದುಕೊಳ್ಳುತ್ತೇವೆ.

ಆ ಮುಂಜಾನೆ ಚೆಂಡು ಎಸೆದೆಸೆದು ಗೆಳೆಯನ ತೋಳು ನೋಯತೊಡಗಿತು. ದೋಣಿ ಒಂದೇಟಿಗೆ ಚಾಲೂ ಆಗುತ್ತಿತ್ತು, ಬಾಲದ ಹಿಂದೆ ನೀರಿನ ಕೋಳಿಜುಟ್ಟು ಎಬ್ಬಿಸುತ್ತ ಹೋಗುತ್ತಿತ್ತು. ಅಷ್ಟರಲ್ಲಿ ಸದ್ದು ಸಣ್ಣಗಾಗಿ, ಕೀರಲಾಗಿ, ಹೊಂಡದ ನಡುವೆ ನಿಂತುಬಿಡುತ್ತಿತ್ತು. ಇಂಧನ ಸಾಲುತ್ತಿಲ್ಲ ಎಂದು, ಅದರ ಹರಿವನ್ನು ಹಿಡಿತದಲ್ಲಿಡುವ ಸೂಜಿಯನ್ನು ಕಾಲು ಸುತ್ತು ಬಿಚ್ಚಿದೆ. ಈಗ ಹೊರಡುವಾಗಲೇ ಗಂಟಲು ಕಟ್ಟಿದಂತೆ ಗೊರಗೊರ ಎಂದಿತು, ಹೊಗೆ ದಟ್ಟವಾಯಿತು, ಆಮೇಲೆ ಮತ್ತೆ ಅದೇ ಕೀರಲು ಸದ್ದು. ಪ್ಲಗ್ ಬದಲಿಸಿದೆ. ತಂಪು ಮಾಡುವ ನೀರಿನ ಹಾದಿಗೆ ಪಾಚಿ ಸಿಕ್ಕಿರಬಹುದೆಂದು ನಳಿಕೆ ಊದಿದೆ. ದೋಣಿಯ ಪಕ್ಕೆಯಿಂದ ನೀರು ಸಣ್ಣ ದಾರವಾಗಿ ಚಿಮ್ಮುತ್ತಲೇ ಇತ್ತು, ಅಲ್ಲಿ ತೊಂದರೆಯಿರಲಿಲ್ಲ. ಕಾರ್ಬ್ಯುರೇಟರಿನ ಬುಡದ ರಬ್ಬರ್ ಬಳೆಗೆ ಎಣ್ಣೆ ಸವರಿದೆ. ಅಲ್ಲಿ ಗಾಳಿ ಸೋರುತ್ತಿದ್ದರೆ ಎಣ್ಣೆ ಬಿದ್ದಾಗ ಸದ್ದು ಬದಲಾಗಬೇಕು, ಆಗಲಿಲ್ಲ. ಶೆಡ್ಡಿಗೆ ತಂದು ಮೇಜಿನ ಮೇಲೆ ಅರ್ಧ ನಿಮಿಷ ಓಡಿಸಿದರೆ ಗಡಿಯಾರದ ಹಾಗೆ ನಡೆಯಿತು. ನೀರಿಗೆ ಬಿಟ್ಟಾಗ ಮಾತ್ರ ರೋಗ.

ನಮ್ಮ ಓಣಿಯ ಆಚೆ ಒಬ್ಬ ಚಾಚಾ ಇದ್ದಾರೆ. ಹಳೆಯ ಟೂ-ಸ್ಟ್ರೋಕ್ ಗಾಡಿಗಳ ಮೆಕ್ಯಾನಿಕ್ಕು. ಲೂನಾ, ರಾಜದೂತ್, ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ದಿ, ಇವುಗಳ ಉಸಿರು ಕೇಳಿಯೇ ರೋಗ ಹೇಳುವವರು. ನನ್ನದೂ ಟೂ-ಸ್ಟ್ರೋಕೇ, ಮೈ ಸಣ್ಣದು ಅಷ್ಟೆ. ಅಂಗೈ ಮೇಲಿಟ್ಟುಕೊಂಡು ತಿರುಗಿಸಿ ನೋಡಿದರು.

‘ಎಷ್ಟೊತ್ತಿಗಿ ಬಂದ್ ಆಕ್ಕೈತ್ರಿ ಸರ?’

‘ಎರಡೂವರಿ ನಿಮಿಷ ಆಗಿರಬೇಕು ಚಾಚಾ.’

‘ಪ್ರತಿ ಸಲ ಅಷ್ಟಕ್ಕಽ?’

ನಾನು ಸುಮ್ಮನಾದೆ. ಹೌದು, ಪ್ರತಿ ಸಲ ಅಷ್ಟಕ್ಕೇ. ಮೂರನೆಯ ಸುತ್ತು ಮುಗಿಸಿ ದೋಣಿ ಪಂಪಿನ ಕಡೆ ತಿರುಗುವ ಹೊತ್ತಿಗೆ. ಕಣ್ಣೆದುರೇ ಇದ್ದದ್ದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

‘ಹಂಗಾದ್ರ ಸೂಜಿ ಮುಟ್ಟಬ್ಯಾಡ್ರಿ. ಸೂಜಿ ತಪ್ಪಿದ್ರ ಮೊದಲಿಂದನಽ ತಪ್ಪಿರತೈತಿ. ಬಿಸಿ ಆಗಿ ನಿಲ್ಲೂದಿದ್ರ ಒಮ್ಮೆ ಲಗೂನ, ಒಮ್ಮೆ ತಡಾ ಆಕ್ಕೈತಿ. ಇದು ಗಡಿಯಾರ ನೋಡಿ ನಿಲ್ಲಾಕತ್ತೈತಿ. ಟ್ಯಾಂಕಿ ನೋಡ್ರಿ.’

ಮನೆಗೆ ಬರುವ ದಾರಿಯಲ್ಲಿ ನಮ್ಮೂರಿನ ಗಂಜ್‌ಗಳು ನೆನಪಾದವು. ಮಹಮ್ಮದ್ ಆದಿಲ್‌ಶಾಹ 1651ರಲ್ಲಿ ಕಟ್ಟಿಸಿದ ಬೇಗಂ ತಲಾಬಿನಿಂದ ಊರೊಳಗೆ ನೀರು ಬರುತ್ತಿದ್ದದ್ದು ಗಾರೆಯಲ್ಲಿ ಹುದುಗಿಸಿ ನೆಲದಡಿ ಹಾಯಿಸಿದ ಮಣ್ಣಿನ ಕೊಳವೆಗಳಲ್ಲಿ. ಹಾದಿಯಲ್ಲಿ ಅಲ್ಲಲ್ಲಿ ಗಂಜ್ ಎಂಬ ಎತ್ತರದ ಗೋಪುರ ನಿಲ್ಲಿಸಿದರು. ಕೊಳವೆಯ ಒತ್ತಡ ಅಲ್ಲಿ ತಗ್ಗುತ್ತಿತ್ತು, ರಾಡಿ ತಳಕ್ಕೆ ಕೂರುತ್ತಿತ್ತು. ಕೆರೆಯನ್ನು ಎಲ್ಲರೂ ಹೊಗಳುತ್ತಾರೆ, ನನಗೆ ಮಾತ್ರ ಆ ಗಂಜ್‌ಗಳನ್ನು ಯೋಚಿಸಿದವನ ಮೇಲೆ ಹೆಚ್ಚು ಗೌರವ. ನೀರು ಎಲ್ಲಿದೆ ಎನ್ನುವುದಕ್ಕಿಂತ ಅದು ಬರುವ ಹಾದಿಯಲ್ಲಿ ಏನೇನಾಗುತ್ತದೆ ಎಂದು ಅವನು ಕೂತು ಯೋಚಿಸಿದ್ದ. ನಾನು ಇಂಜಿನ್ನಿನ ಸುತ್ತ ತಿರುಗಿದ್ದೆ, ಹಾದಿಯನ್ನು ನೋಡಿರಲಿಲ್ಲ.

ದೋಣಿಯ ಟ್ಯಾಂಕಿ ಪಾರದರ್ಶಕ ಪ್ಲಾಸ್ಟಿಕ್ಕಿನದು. ಮುಂಭಾಗದ ರಬ್ಬರ್ ಬಿರಡೆಯಿಂದ ಹಿತ್ತಾಳೆಯ ನಳಿಕೆ ಒಳಗೆ ಬರುತ್ತದೆ, ಅದಕ್ಕೆ ಸಿಲಿಕೋನ್ ಪೈಪು, ಪೈಪಿನ ತುದಿಗೆ ಭಾರದ ಗುಂಡು. ದೋಣಿ ಎತ್ತ ಹೊರಳಿದರೂ ಗುಂಡು ಇಂಧನವಿದ್ದ ಕಡೆಗೇ ಉರುಳಬೇಕು. ಸೈಲೆನ್ಸರಿನಿಂದ ಇನ್ನೊಂದು ನಳಿಕೆ ಟ್ಯಾಂಕಿಗೆ ಬಂದು ಹೊಗೆಯ ಒತ್ತಡದಿಂದ ಇಂಧನವನ್ನು ಮುಂದೆ ತಳ್ಳುತ್ತದೆ. ಬಿರಡೆ ಕಿತ್ತು, ಪೈಪನ್ನು ತೊಳೆದು ಒರೆಸಿ, ಒಂದು ತುದಿ ಬೆರಳಿನಿಂದ ಒತ್ತಿ ಹಿಡಿದೆ. ಬೋಗುಣಿ ನೀರಿನಲ್ಲಿ ಮುಳುಗಿಸಿ ಇನ್ನೊಂದು ತುದಿಗೆ ಸಿರಿಂಜಿನಿಂದ ಗಾಳಿ ಊದಿದೆ. ಸೈಕಲ್ ಅಂಗಡಿಯಲ್ಲಿ ಟ್ಯೂಬು ಮುಳುಗಿಸಿ ಪಂಕ್ಚರ್ ಹುಡುಕುವುದೂ ಹೀಗೆಯೇ. ಮೊದಲು ಏನೂ ಕಾಣಲಿಲ್ಲ. ಪೈಪನ್ನು ತುಸು ಬಗ್ಗಿಸಿದಾಗ, ಹಿತ್ತಾಳೆ ನಳಿಕೆಗೆ ಅದು ತೊಡುವ ಜಾಗದ ಪಕ್ಕದಲ್ಲೇ, ಸಾಸಿವೆಗಿಂತ ಸಣ್ಣ ಗುಳ್ಳೆಯೊಂದು ಎದ್ದಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ನಾನು ಎಷ್ಟು ಹೊತ್ತು ಆ ಗುಳ್ಳೆಗಳನ್ನು ನೋಡುತ್ತ ಕೂತೆನೋ ತಿಳಿಯದು. ಗರಗಸದಿಂದ ಕತ್ತರಿಸಿದ ನಳಿಕೆಯ ಅಂಚನ್ನು ನಾನು ಮಸೆದಿರಲಿಲ್ಲ. ಆ ಗರುಕು ಪೈಪನ್ನು ಒಳಗಿನಿಂದ ತಿನ್ನುತ್ತ ಬಂದಿತ್ತು.

ಲೆಕ್ಕವೆಲ್ಲ ಕೂಡಿತು. ಟ್ಯಾಂಕಿ ತುಂಬಿರುವಾಗ ತೂತು ಇಂಧನದಲ್ಲಿ ಮುಳುಗಿರುತ್ತದೆ, ತೊಂದರೆಯಿಲ್ಲ. ಇಂಧನ ಅರ್ಧಕ್ಕೆ ಇಳಿದಾಗ ತೂತು ಮೇಲೆ ಬರುತ್ತದೆ, ಇಂಧನದ ಜೊತೆ ಟ್ಯಾಂಕಿಯೊಳಗಿನ ಹೊಗೆಯೂ ಪೈಪಿಗೆ ನುಗ್ಗುತ್ತದೆ. ಅರ್ಧ ಇಳಿಯಲು ಹಿಡಿಯುತ್ತಿದ್ದ ಹೊತ್ತು ಎರಡೂವರೆ ನಿಮಿಷ. ಮೇಜಿನ ಮೇಲೆ ನಾನು ಅಷ್ಟು ಹೊತ್ತು ಓಡಿಸಿರಲೇ ಇಲ್ಲ.

ಅಂಚನ್ನು ನುಣ್ಣಗೆ ಮಸೆದೆ, ಹೊಸ ಪೈಪು ತೊಡಿಸಿದೆ, ಸೂಜಿಯನ್ನು ಮೊದಲಿದ್ದ ಜಾಗಕ್ಕೇ ತಂದೆ. ಮುಂದಿನ ರವಿವಾರ ಹೊಂಡದ ದಂಡೆಯ ಮೇಲೆ ಗೆಳೆಯ ಮೊಬೈಲಿನಲ್ಲಿ ಸಮಯ ಹಿಡಿದು ನಿಂತ. ಚಳಿಯ ಗಾಳಿ ದಟ್ಟ, ಅದಕ್ಕೆ ಇಂಧನ ತುಸು ಜಾಸ್ತಿ ಬೇಕಾಗುತ್ತದೆಂದು ಸೂಜಿಯನ್ನು ಕೂದಲೆಳೆಯಷ್ಟು ಸಡಿಲಿಸಿದ್ದೆ. ಏಪ್ರಿಲ್ ಬಂದಾಗ ಮತ್ತೆ ಬಿಗಿಯಬೇಕು. ಎರಡೂವರೆ ನಿಮಿಷ ಎಂದ. ಸದ್ದು ಕದಲಲಿಲ್ಲ. ಮೂರು ಎಂದ, ನಾಲ್ಕು ಎಂದ, ಆಮೇಲೆ ಎಣಿಸುವುದನ್ನು ಬಿಟ್ಟು ದೋಣಿಯನ್ನೇ ನೋಡತೊಡಗಿದ. ಔಡಲೆಣ್ಣೆಯ ಹೊಗೆ ನೀರಿನ ಮೇಲೆ ನೀಲಿ ಗೆರೆಯಾಗಿ ಮಲಗಿತ್ತು. ಐದು ದಾಟಿದ ಮೇಲೆ, ಟ್ಯಾಂಕಿಯ ಕೊನೆಯ ಗುಟುಕಿಗೆ, ಇಂಜಿನ್ನು ಒಂದು ಕ್ಷಣ ಸ್ವರ ಏರಿಸಿ ನಿಂತಿತು. ಗೆಳೆಯ ಚೆಂಡು ಎತ್ತಿಕೊಂಡ.

‘ಈಗೇನ್ ಆತೋ?’ ಅಂದ.

‘ಏನಿಲ್ಲ, ತೈಲ ತೀರೇತಿ,’ ಅಂದೆ.